ಕ್ಯಾರವಾನ್ ಎಳೆಯುವ ಕಾರಿನ ಸಾಕೆಟ್ ವೈರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೋ ಬಾರ್ (ಹಿಂದೆ ಗಾಡಿ ಕಟ್ಟಿ ಎಳೆಯಲು ಕಾರಿಗೆ ಹಾಕುವ ಕೊಂಡಿ) ಹಾಕಿಸುವಾಗ ಎಲ್ಲರೂ ಎಷ್ಟು ಭಾರ ಎಳೆಯಬಹುದು ಅಂತ ಕೇಳುತ್ತಾರೆ. ವೈರಿಂಗ್ ನೆನಪಾಗುವುದು ಕ್ಯಾರವಾನಿನ (ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆಯಂಥ ಗಾಡಿಯ) ಫ್ರಿಜ್ಜಿನಲ್ಲಿಟ್ಟ ಹಾಲು ಒಡೆದ ಮೇಲೆ. ಇಲ್ಲಿ ಹೇಳಿರುವುದೆಲ್ಲ 12 ವೋಲ್ಟಿನ, ದುಂಡನೆಯ 7 ಪಿನ್ ಮತ್ತು 13 ಪಿನ್ ಸಾಕೆಟ್‌ಗಳ ಬಗ್ಗೆ. ಚಪ್ಪಟೆ ಪಿನ್ನಿನ ಸಾಕೆಟ್ ಇದ್ದರೆ ಪಿನ್ ನಂಬರ್ ಬೇರೆ ಇರುತ್ತದೆ, ಆದರೆ ತೊಂದರೆಗಳು ಹೆಚ್ಚು ಕಡಿಮೆ ಇವೇ.

7 ಪಿನ್ ಹಾಕಿಸಲಾ, 13 ಪಿನ್ ಹಾಕಿಸಲಾ?

ಕ್ಯಾರವಾನ್ ಎಳೆಯುವುದಾದರೆ 13 ಪಿನ್. ಸುಮ್ನೆ ಒಂದು ಚಿಕ್ಕ ಲಗೇಜ್ ಟ್ರೈಲರ್ ಮಾತ್ರ ಎಳೆಯುವವರಿಗೆ 7 ಪಿನ್ ಸಾಕು, ಯಾಕೆಂದರೆ ಅದಕ್ಕೆ ಬೇಕಾಗಿರುವುದು ಲೈಟುಗಳಷ್ಟೇ. ಕ್ಯಾರವಾನ್‌ಗೆ ಲೈಟಿನ ಜೊತೆಗೆ ಒಳಗಿನ ಬ್ಯಾಟರಿ ಚಾರ್ಜ್ ಆಗಬೇಕು, ಓಡುವಾಗ ಫ್ರಿಜ್ ನಡೆಯಬೇಕು, ರಿವರ್ಸ್ ಲೈಟ್ ಬೇಕು. ಹಿಂದೆ ಇದಕ್ಕೆಲ್ಲ ಎರಡು 7 ಪಿನ್ ಸಾಕೆಟ್ ಪಕ್ಕಪಕ್ಕ ಹಾಕುತ್ತಿದ್ದರು. ಲೈಟಿಗೆ ಕಪ್ಪು ಬಣ್ಣದ 12ಎನ್, ಉಳಿದದ್ದಕ್ಕೆ ಬೂದು ಬಣ್ಣದ 12ಎಸ್. ಹಳೆಯ ಕ್ಯಾರವಾನ್‌ಗಳಲ್ಲಿ ಈಗಲೂ ಆ ಎರಡು ಪ್ಲಗ್‌ಗಳನ್ನು ನೋಡಬಹುದು. ಐಎಸ್‌ಒ 11446 ಮಾದರಿಯ 13 ಪಿನ್ ಸಾಕೆಟ್ ಈ ಎರಡರ ಕೆಲಸವನ್ನೂ ಒಂದೇ ಕಡೆ ಮಾಡುತ್ತದೆ. ಚುಚ್ಚಿ ತಿರುಗಿಸಿದರೆ ಲಾಕ್ ಆಗುತ್ತದೆ, ನೀರೂ ಅಷ್ಟು ಸುಲಭವಾಗಿ ಒಳಗೆ ಹೋಗುವುದಿಲ್ಲ.

ಯಾವ ಪಿನ್‌ಗೆ ಯಾವ ಕೆಲಸ?

13 ಪಿನ್ನಿನಲ್ಲಿ ಮೊದಲ 8 ಪಿನ್ ಲೈಟಿನವು. 1 ಎಡ ಇಂಡಿಕೇಟರ್, 2 ಹಿಂದಿನ ಫಾಗ್ ಲೈಟ್, 3 ಇವೆಲ್ಲದರ ಅರ್ಥ್ (ಕರೆಂಟ್ ವಾಪಸ್ ಹೋಗುವ ದಾರಿ), 4 ಬಲ ಇಂಡಿಕೇಟರ್, 5 ಬಲಗಡೆಯ ಟೇಲ್ ಲೈಟ್, 6 ಬ್ರೇಕ್ ಲೈಟ್, 7 ಎಡಗಡೆಯ ಟೇಲ್ ಲೈಟ್, 8 ರಿವರ್ಸ್ ಲೈಟ್. 1ರಿಂದ 7ರವರೆಗೆ ಹಳೆಯ 12ಎನ್ ಸಾಕೆಟ್‌ನಲ್ಲೂ ಇದೇ ಕ್ರಮ, ಹಾಗಾಗಿ ಒಂದು ಸಲ ಕಲಿತರೆ ಎರಡಕ್ಕೂ ಆಯಿತು.

ಉಳಿದ ಪಿನ್‌ಗಳ ಮೇಲೆ ಜಾಸ್ತಿ ಗಮನ ಇರಲಿ. ಕ್ಯಾರವಾನ್ ಬ್ಯಾಟರಿಗೆ ಹೋಗುವ 9ರಲ್ಲಿ ಯಾವಾಗಲೂ 12 ವೋಲ್ಟ್ ಇರಬೇಕು, ಕಾರಿನ ಕೀ ಆಫ್ ಇದ್ದರೂ. ಫ್ರಿಜ್ಜಿಗೆ ಹೋಗುವ 10ರಲ್ಲಿ ಕೀ ಆನ್ ಇದ್ದಾಗ, ಅಂದರೆ ಎಂಜಿನ್ ಓಡುವಾಗ ಮಾತ್ರ ಬರಬೇಕು. 11 ಅನ್ನುವುದು 10ರ ಅರ್ಥ್, 13 ಅನ್ನುವುದು 9ರ ಅರ್ಥ್. 12ನ್ನು ಸಾಮಾನ್ಯವಾಗಿ ಖಾಲಿ ಬಿಟ್ಟಿರುತ್ತಾರೆ. ಅರ್ಜೆಂಟಿನಲ್ಲಿ ಮಾಡಿದ ಕೆಲಸ ಕೆಡುವುದು ಈ 9, 10, 11, 13ರಲ್ಲೇ. ಲೈಟ್ ಉರಿಯದಿದ್ದರೆ ಕಣ್ಣಿಗೆ ಕಾಣುತ್ತದೆ. 13ಕ್ಕೆ ವೈರೇ ಹಾಕದಿದ್ದರೆ ಯಾರಿಗೂ ಕಾಣುವುದಿಲ್ಲ.

ಕಾರಿನ ಹಿಂದಿನ ಲೈಟಿನ ವೈರಿಗೇ ಒಂದು ಕವಲು ಜೋಡಿಸಿಬಿಟ್ಟರೆ ಆಗಲ್ವಾ?

ಬಹಳ ಹಳೆಯ ಕಾರಾದರೆ ಆಗುತ್ತದೆ. ಸ್ವಿಚ್, ಫ್ಯೂಸ್, ವೈರ್, ಬಲ್ಬ್, ಅಷ್ಟೇ ಇದ್ದ ಕಾರುಗಳವು. ಈಗಿನ ಕಾರುಗಳಲ್ಲಿ ಬಲ್ಬಿಗೆ ಕರೆಂಟ್ ಕೊಡುವುದು ಒಂದು ಕಂಪ್ಯೂಟರ್. ಒಂದು ಬಲ್ಬ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಅದು ಅಳೆಯುತ್ತಲೇ ಇರುತ್ತದೆ. 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಅದರ ಪಕ್ಕಕ್ಕೆ ಕ್ಯಾರವಾನಿನ ಇನ್ನೊಂದು 21 ವ್ಯಾಟ್ ಬಲ್ಬ್ ಸೇರಿಸಿದರೆ ಕರೆಂಟ್ ಎರಡರಷ್ಟಾಗುತ್ತದೆ. ಕಂಪ್ಯೂಟರ್ ಅದನ್ನು ಶಾರ್ಟ್ ಅಂದುಕೊಂಡು ಆ ಲೈಟನ್ನೇ ಆಫ್ ಮಾಡಬಹುದು, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ತೋರಿಸಬಹುದು, ತೀರಾ ಕೆಟ್ಟರೆ ಅದರ ಔಟ್‌ಪುಟ್ಟೇ ಸುಟ್ಟುಹೋಗಬಹುದು. ಇನ್ನು ಕೆಲವು ಕಾರುಗಳಲ್ಲಿ ಟೇಲ್ ಲೈಟಿಗೂ ಬ್ರೇಕ್ ಲೈಟಿಗೂ ಒಂದೇ ಬಲ್ಬ್, ಒಂದೇ ವೈರ್. ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡಿ ಮಂದ ಬೆಳಕು, ಪೂರ್ತಿ ಬೆಳಕು ಕೊಡುತ್ತಾರೆ. ಅಂಥ ವೈರಿಗೆ ಕವಲು ಹಾಕಿದರೆ ಕ್ಯಾರವಾನ್‌ಗೆ ಹೋಗುವುದು ಏನು ಅಂತ ಹೇಳುವುದೇ ಕಷ್ಟ.

ವೈರಿನ ಮೇಲೆ ಇಟ್ಟು ಪಕ್ಕಡದಲ್ಲಿ ಒತ್ತುವ ಪ್ಲಾಸ್ಟಿಕ್ ಕ್ಲಿಪ್‌ಗಳು ಬರುತ್ತವಲ್ಲ, ಅವುಗಳ ಬಗ್ಗೆ ನನಗೆ ಒಳ್ಳೆಯ ಮಾತು ಬರುವುದಿಲ್ಲ. ಒಳಗಿನ ತಗಡು ವೈರಿನ ಕೆಲವು ಎಳೆಗಳನ್ನು ಕತ್ತರಿಸಿಬಿಡುತ್ತದೆ. ಆ ಗಾಯದಿಂದ ತೇವ ಒಳಗೆ ಹೋಗಿ ಒಂದೆರಡು ಮಳೆಗಾಲದಲ್ಲಿ ತಾಮ್ರ ಹಸಿರಾಗಿ ಪುಡಿಯಾಗುತ್ತದೆ.

ಬೈಪಾಸ್ ರಿಲೇ ಅಂದರೆ ಏನು?

ರಿಲೇ ಅಂದರೆ ಸಣ್ಣ ಕರೆಂಟಿನ ಸನ್ನೆ ಸಿಕ್ಕರೆ ತಾನೇ ಆನ್ ಆಗುವ ಸ್ವಿಚ್. ಕಾರಿನ ಲೈಟಿನ ವೈರಿನಿಂದ ಇದು ಸನ್ನೆ ಮಾತ್ರ ತೆಗೆದುಕೊಳ್ಳುತ್ತದೆ. ಅದಕ್ಕೆ ಕೆಲವು ಮಿಲಿಆಂಪಿಯರ್ ಸಾಕು, ಕಂಪ್ಯೂಟರ್‌ಗೆ ಗೊತ್ತೂ ಆಗುವುದಿಲ್ಲ. ಕ್ಯಾರವಾನ್ ಬಲ್ಬಿಗೆ ಬೇಕಾದ ಕರೆಂಟನ್ನು ಬ್ಯಾಟರಿಯಿಂದ ಬೇರೆ ಫ್ಯೂಸ್ ಮೂಲಕ ತಂದು ಕೊಡುತ್ತದೆ. ಎಲ್ಲ ಕಾರಿಗೂ ಹೊಂದುವ ಕಿಟ್‌ಗಳಲ್ಲಿ ಇರುವುದು ಇದೇ. ಲೈಟಿನ ಮಟ್ಟಿಗೆ ಒಳ್ಳೆಯ ಪರಿಹಾರ. ಆದರೆ ಹಿಂದೆ ಕ್ಯಾರವಾನ್ ಇದೆ ಅನ್ನುವ ವಿಷಯ ಕಾರಿಗೆ ಗೊತ್ತೇ ಆಗುವುದಿಲ್ಲ.

ಕಾರಿಗೆ ಗೊತ್ತಾಗದಿದ್ದರೆ ಏನಂತೆ?

ಇಲ್ಲೇ ಹೆಚ್ಚಿನವರು ದುಡ್ಡು ಉಳಿಸಲು ಹೋಗುತ್ತಾರೆ. ನನ್ನ ಪ್ರಕಾರ ಉಳಿಸಬಾರದ ಜಾಗ ಇದು.

ಆಯಾ ಮಾಡೆಲ್‌ಗೆಂದೇ ಮಾಡಿದ ವೈರಿಂಗ್ ಕಿಟ್ ಕಾರಿನ ಕಂಪ್ಯೂಟರ್ ಜಾಲಕ್ಕೆ ಸೇರಿಕೊಳ್ಳುತ್ತದೆ. ಪ್ಲಗ್ ಚುಚ್ಚಿದ ಕೂಡಲೇ ಹಿಂದೆ ಒಂದು ಗಾಡಿ ಇದೆ ಅಂತ ಕಾರಿಗೆ ತಿಳಿಯುತ್ತದೆ. ಆಗ ಹಿಂದಿನ ಪಾರ್ಕಿಂಗ್ ಸೆನ್ಸರ್ ಸುಮ್ಮನಾಗುತ್ತದೆ, ಕಾರಿನ ಹಿಂದಿನ ಫಾಗ್ ಲೈಟ್ ಆಫ್ ಆಗುತ್ತದೆ, ಕ್ಯಾರವಾನಿನ ಇಂಡಿಕೇಟರ್ ಬಲ್ಬ್ ಹೋದರೆ ಡ್ಯಾಶ್‌ಬೋರ್ಡ್ ಹೇಳುತ್ತದೆ. ಕೆಲವು ಕಾರುಗಳಲ್ಲಿ ಹಿಂದಿನಿಂದ ಏನಾದರೂ ಬರುತ್ತಿದೆಯಾ ಅಂತ ನೋಡುವ ರಾಡಾರ್, ಎಂಜಿನ್ ತಾನೇ ನಿಂತು ತಾನೇ ಸ್ಟಾರ್ಟ್ ಆಗುವ ವ್ಯವಸ್ಥೆ, ಕೂಲಿಂಗ್ ಫ್ಯಾನ್, ಆಟೋಮ್ಯಾಟಿಕ್ ಗೇರ್ ಬದಲಾಗುವ ರೀತಿ, ಇವೂ ಬದಲಾಗುತ್ತವೆ. ಇವೆಲ್ಲಕ್ಕಿಂತ ದೊಡ್ಡದು ಓಲಾಟ ತಡೆಯುವ ವ್ಯವಸ್ಥೆ. ಕ್ಯಾರವಾನ್ ಎಡಕ್ಕೆ ಬಲಕ್ಕೆ ತೂಗಾಡಲು ಶುರುವಾದರೆ ಕಾರು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ, ಎಂಜಿನ್ ಶಕ್ತಿ ತಗ್ಗಿಸಿ ಅದನ್ನು ಹಿಡಿತಕ್ಕೆ ತರುತ್ತದೆ. ಈ ಸೌಲಭ್ಯ ಇರುವ ಎಷ್ಟೋ ಕಾರುಗಳಲ್ಲಿ ಹಿಂದೆ ಗಾಡಿ ಇದೆ ಅಂತ ಗೊತ್ತಾದರೆ ಮಾತ್ರ ಅದು ಎಚ್ಚರವಾಗುವುದು. ಎಲ್ಲ ಲೈಟೂ ಚೆನ್ನಾಗಿ ಉರಿಯುತ್ತಿದೆ, ಇದು ಮಾತ್ರ ಮಲಗಿದೆ ಅಂದರೆ ಏನು ಪ್ರಯೋಜನ?

ಪರೀಕ್ಷೆ ಸುಲಭ. ಪ್ಲಗ್ ಹಾಕಿ, ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಗೇರ್ ಹಾಕಿ. ಹಿಂದೆ ಕ್ಯಾರವಾನ್ ಮೂತಿ ಇರುವಾಗ ಸೆನ್ಸರ್ ಬಿಡದೆ ಕೀಂ ಅಂದರೆ ಕಾರಿಗೆ ವಿಷಯ ತಿಳಿದಿಲ್ಲ ಅಂತಲೇ ಅರ್ಥ.

ಕಿಟ್ ಹಾಕಿದ್ದಾರೆ, ಆದರೂ ಸೆನ್ಸರ್ ಕೂಗುತ್ತಿದೆ. ಯಾಕೆ?

ಕೋಡಿಂಗ್ ಆಗಿಲ್ಲ. ವೈರ್ ಜೋಡಿಸಿದರೆ ಅರ್ಧ ಕೆಲಸ ಅಷ್ಟೇ. ಸ್ಟೀರಿಂಗ್ ಕೆಳಗಿನ ಡಯಾಗ್ನೋಸ್ಟಿಕ್ ಪೋರ್ಟಿಗೆ ಉಪಕರಣ ಹಾಕಿ, ಈ ಕಾರಿಗೆ ಟೋ ಬಾರ್ ಇದೆ ಅಂತ ಕಂಪ್ಯೂಟರ್‌ಗೆ ಬರೆಯಬೇಕು. ಕೆಲವು ಕಾರುಗಳಿಗೆ ಇದು ಬೇಕಾಗುವುದಿಲ್ಲ, ಹಲವಕ್ಕೆ ಬೇಕೇ ಬೇಕು. ಕೆಲಸ ಒಪ್ಪಿಸುವ ಮೊದಲೇ ಕೋಡಿಂಗ್ ಯಾರು ಮಾಡುತ್ತಾರೆ, ಅದು ಬಿಲ್ಲಿನಲ್ಲಿ ಸೇರಿದೆಯಾ ಅಂತ ಕೇಳಿಕೊಳ್ಳಿ. ಮುಂದೆ ಸರ್ವಿಸ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದಾಗ ಕೋಡಿಂಗ್ ಅಳಿಸಿಹೋಗುವುದೂ ಉಂಟು, ಆದ್ದರಿಂದ ಸರ್ವಿಸ್ ಆದ ಮೇಲೆ ಮೇಲಿನ ರಿವರ್ಸ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಲೈಟೆಲ್ಲ ಸರಿ ಇದೆ. ಫ್ರಿಜ್ ಮಾತ್ರ ದಾರಿಯುದ್ದಕ್ಕೂ ತಣ್ಣಗಾಗಲ್ಲ.

ಹೆಚ್ಚಿನ ಸಲ ವೈರ್ ಸಣ್ಣದು. ಗ್ಯಾಸ್, ಮನೆ ಕರೆಂಟ್, 12 ವೋಲ್ಟ್ ಮೂರರಲ್ಲೂ ನಡೆಯುವ ಕ್ಯಾರವಾನ್ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುವುದಿಲ್ಲ, ಒಂದು ಹೀಟರ್ ಇರುತ್ತದೆ. ಅದರ ಬಿಸಿಯಿಂದಲೇ ತಂಪು ಹುಟ್ಟುವುದು. ಹೀಟರ್‌ಗೆ ವೋಲ್ಟೇಜ್ ಸ್ವಲ್ಪ ಕಡಿಮೆಯಾದರೆ ಬಿಸಿ ಬಹಳ ಕಡಿಮೆಯಾಗುತ್ತದೆ, ಯಾಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ.

ಒಂದು ಲೆಕ್ಕ ಹಾಕೋಣ. 12 ವೋಲ್ಟಿಗೆ 150 ವ್ಯಾಟಿನ ಹೀಟರ್. ಕಾರಿನ ಬ್ಯಾಟರಿಯಿಂದ ಫ್ರಿಜ್ಜಿಗೆ ಹೋಗಿ ಬರುವ ವೈರ್ ಒಟ್ಟು 20 ಮೀಟರ್. ಎಂಜಿನ್ ಓಡುತ್ತಿದೆ, ಬ್ಯಾಟರಿ ಹತ್ತಿರ 14 ವೋಲ್ಟ್ ಇದೆ. ವೈರ್ 2.5 ಚದರ ಮಿ.ಮೀ. ಇದ್ದರೆ ಫ್ರಿಜ್ಜಿಗೆ ಸುಮಾರು 12.2 ವೋಲ್ಟ್ ಸಿಗುತ್ತದೆ, ಸರಿಯಾಯಿತು. 1.5 ಆದರೆ 11.3ಕ್ಕೆ ಇಳಿಯುತ್ತದೆ. 1 ಚದರ ಮಿ.ಮೀ. ಹಾಕಿದ್ದರೆ 10.3 ವೋಲ್ಟ್, ಬಿಸಿ 110 ವ್ಯಾಟ್ ಮಾತ್ರ. ಇದು ಬರೀ ತಾಮ್ರದ ಲೆಕ್ಕ. ಸಡಿಲ ಫ್ಯೂಸ್, ಕಿಲುಬು ಹಿಡಿದ ಪಿನ್, ಇವುಗಳ ನಷ್ಟ ಇದರ ಮೇಲೆ. ಹಾಗಾಗಿ 9, 10, 11, 13ಕ್ಕೆ 2.5 ಚದರ ಮಿ.ಮೀ.ಗಿಂತ ಕಡಿಮೆ ಒಪ್ಪಬೇಡಿ. ಲೈಟುಗಳಿಗೆ 1.5 ಸಾಕು.

ವೈರ್ ದಪ್ಪ ನೋಡುವಾಗ ಮೇಲಿನ ಪ್ಲಾಸ್ಟಿಕ್ ನೋಡಿ ಮೋಸ ಹೋಗಬೇಡಿ. ದಪ್ಪ ಸಿಪ್ಪೆಯೊಳಗೆ ನಾಲ್ಕೈದು ಎಳೆ ತಾಮ್ರ ಇರುವ ವೈರ್‌ಗಳೂ ಸಿಗುತ್ತವೆ.

ಒಂದು ಮಾತು, ಈ ಫ್ರಿಜ್‌ಗಳು 12 ವೋಲ್ಟಿನಲ್ಲಿ ತಂಪು ಕಾಯ್ದುಕೊಳ್ಳುತ್ತವೆ, ಬೆಚ್ಚಗಿರುವುದನ್ನು ಬೇಗ ತಣ್ಣಗೆ ಮಾಡುವುದು ಅವುಗಳಿಂದ ಆಗದ ಕೆಲಸ. ಹೊರಡುವ ಹಿಂದಿನ ರಾತ್ರಿಯೇ ಮನೆ ಕರೆಂಟಿನಲ್ಲಿ ತಣ್ಣಗೆ ಮಾಡಿಡದೆ ವೈರಿಂಗನ್ನು ಬೈದರೆ ಅದರ ತಪ್ಪಲ್ಲ.

ಮೂರು ಅರ್ಥ್ ಯಾಕೆ? ಎಲ್ಲ ಹೋಗುವುದು ಬಾಡಿಗೇ ಅಲ್ವಾ?

ಕಾರಿನಲ್ಲಿ ಹೌದು, ಕೊನೆಗೆ ಮೂರೂ ಅಲ್ಲಿಗೇ ಹೋಗುತ್ತವೆ. ಆದರೆ ಕ್ಯಾರವಾನ್ ಕಡೆ ಆ ಮೂರನ್ನು ಒಟ್ಟಿಗೆ ಕಟ್ಟಬಾರದು. ಕಟ್ಟಿದರೆ ಫ್ರಿಜ್ಜಿನ 12 ಆಂಪಿಯರ್ ತನಗೆ ಸುಲಭವಾದ ದಾರಿ ಹುಡುಕಿ ಲೈಟಿನ ಸಣ್ಣ ಅರ್ಥ್ ವೈರಿನಲ್ಲಿ ವಾಪಸ್ ಬರುತ್ತದೆ, ಆ ವೈರ್ ಮತ್ತು ಪಿನ್ ಬಿಸಿಯಾಗುತ್ತವೆ. ಬೇರೆಬೇರೆ ಇಟ್ಟರೆ ಬ್ಯಾಟರಿ ಕಡೆಯ ಏರಿಳಿತ ಲೈಟಿಗೆ ತಾಗುವುದಿಲ್ಲ.

ಅರ್ಥ್ ಕೆಟ್ಟಿದ್ದನ್ನು ಹೇಗೆ ಕಂಡುಹಿಡಿಯುವುದು?

ಲೈಟುಗಳೇ ಹೇಳುತ್ತವೆ. ಕತ್ತಲಾದ ಮೇಲೆ ಕ್ಯಾರವಾನ್ ಹಿಂದೆ ನಿಂತು ನೋಡಿ. ಎಡ ಇಂಡಿಕೇಟರ್ ಮಿನುಗಿದಾಗಲೆಲ್ಲ ಅದರ ಜೊತೆಗೇ ಟೇಲ್ ಲೈಟ್ ತಾಳಕ್ಕೆ ಸರಿಯಾಗಿ ಮಂಕಾಗುತ್ತಿದೆಯಾ? ಬ್ರೇಕ್ ಒತ್ತಿದಾಗ ಇಂಡಿಕೇಟರ್ ಸುಸ್ತಾಗುತ್ತಿದೆಯಾ? ಉರಿಯಬಾರದ ಬಲ್ಬ್ ಸಣ್ಣಗೆ ಕೆಂಪಾಗುತ್ತಿದೆಯಾ? 3ನೇ ಪಿನ್ನಿನ ಅರ್ಥ್ ಸಡಿಲ. ಕರೆಂಟ್ ವಾಪಸ್ ಹೋಗಲು ದಾರಿ ಸಿಗದೆ ಬೇರೆ ಬಲ್ಬುಗಳೊಳಗೆ ನುಗ್ಗುತ್ತಿದೆ. ಬಲ್ಬ್ ಬದಲಿಸುತ್ತಾ ಕೂರಬೇಡಿ. ಸಾಕೆಟ್ ಬಿಚ್ಚಿ ಬಿಳಿ ವೈರನ್ನು ಎಳೆದು ನೋಡಿ, ಆಮೇಲೆ ಅದು ಕಾರಿನ ಬಾಡಿಗೆ ಬೋಲ್ಟ್ ಆಗಿರುವ ಜಾಗವನ್ನು ನೋಡಿ. ಆ ಜಾಗದಲ್ಲಿ ಬಣ್ಣ ಕೆರೆಯದೆ ಹಾಗೇ ಬೋಲ್ಟ್ ಹಾಕಿರುವುದು ಆಗಾಗ ಸಿಗುತ್ತದೆ.

ದಿನವಿಡೀ ಓಡಿಸಿದರೂ ಕ್ಯಾರವಾನ್ ಬ್ಯಾಟರಿ ಚಾರ್ಜ್ ಆಗಿಲ್ಲ.

ಮೊದಲು 10ನೇ ಪಿನ್ ನೋಡಿ. ವಿಚಿತ್ರ ಅನ್ನಿಸಬಹುದು, ಆದರೆ ಹಲವು ಕ್ಯಾರವಾನ್‌ಗಳಲ್ಲಿ 10ರಲ್ಲಿ ಕರೆಂಟ್ ಬಂದ ಮೇಲೇ ಒಳಗಿನ ರಿಲೇ ಎಳೆದುಕೊಂಡು 9ನ್ನು ಬ್ಯಾಟರಿಗೆ ಜೋಡಿಸುವುದು. 10 ಸತ್ತಿದ್ದರೆ 9 ಎಷ್ಟೇ ಚೆನ್ನಾಗಿದ್ದರೂ ಬ್ಯಾಟರಿಗೆ ಏನೂ ಹೋಗುವುದಿಲ್ಲ.

ಅದು ಸರಿ ಇದ್ದು ಕಾರು ಹೊಸದಾದರೆ ಅನುಮಾನ ಆಲ್ಟರ್ನೇಟರ್ ಮೇಲೆ, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರದ ಮೇಲೆ. ಹೊಸ ಕಾರುಗಳ ಸ್ಮಾರ್ಟ್ ಆಲ್ಟರ್ನೇಟರ್ ಇಂಧನ ಉಳಿಸಲು ಕಾರಿನ ಬ್ಯಾಟರಿ ತುಂಬಿದ ಕೂಡಲೇ ವೋಲ್ಟೇಜ್ ಇಳಿಸಿಬಿಡುತ್ತದೆ, ಇಳಿಜಾರಿನಲ್ಲಿ ಕಾಲು ತೆಗೆದಾಗ ಮತ್ತೆ ಏರಿಸುತ್ತದೆ. ವೋಲ್ಟೇಜ್ ನೋಡಿ ಆನ್ ಆಗುವ ಹಳೆಯ ಬಗೆಯ ರಿಲೇ ಇದ್ದರೆ, ಎಂಜಿನ್ ನಿಂತಿದೆ ಅಂದುಕೊಂಡು ಅದು ಮಧ್ಯದಲ್ಲೇ ಕೈಬಿಡುತ್ತದೆ. ರಿಲೇ ಹಿಡಿದಿದ್ದರೂ 12.5 ವೋಲ್ಟಿನಿಂದ ಇನ್ನೊಂದು 12 ವೋಲ್ಟ್ ಬ್ಯಾಟರಿಯನ್ನು ತುಂಬಿಸುವುದು ಆಗದ ಮಾತು. ಎರಡು ಕೆಲಸ ಬೇಕು. ಕಾರಿನಲ್ಲಿ ಇಂಥ ಆಲ್ಟರ್ನೇಟರ್‌ಗೆ ಹೊಂದುವ ರಿಲೇ ಅಥವಾ ಆ ಮಾಡೆಲ್ಲಿನ ಕಿಟ್, ಕ್ಯಾರವಾನಿನಲ್ಲಿ ಬ್ಯಾಟರಿಯಿಂದ ಬ್ಯಾಟರಿಗೆ ಚಾರ್ಜ್ ಮಾಡುವ ಡಿಸಿ-ಡಿಸಿ ಚಾರ್ಜರ್. ಬರುವ ವೋಲ್ಟೇಜ್ ಕಡಿಮೆ ಇದ್ದರೂ ಅದನ್ನು ಏರಿಸಿ ಕೊಡುತ್ತದೆ. ಲಿಥಿಯಂ ಬ್ಯಾಟರಿ ಹಾಕಿದವರಿಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಆ ಬ್ಯಾಟರಿ ವೈರ್ ತಡೆಯಲಾರದಷ್ಟು ಕರೆಂಟ್ ಎಳೆಯಲು ನೋಡಬಹುದು. ಚಾರ್ಜರ್ ಕೊಳ್ಳುವಾಗ ಅದು ಎಷ್ಟು ಆಂಪಿಯರ್ ಎಳೆಯುತ್ತದೆ, ನಿಮ್ಮ 9ನೇ ಪಿನ್ನಿನ ಫ್ಯೂಸ್ ಎಷ್ಟರದ್ದು ಅಂತ ಹೊಂದಿಸಿ ನೋಡಿ. ಪದೇ ಪದೇ ಫ್ಯೂಸ್ ಹೋಗುತ್ತದೆ ಅಂತ ದೊಡ್ಡ ಫ್ಯೂಸ್ ಹಾಕಬೇಡಿ. ಫ್ಯೂಸ್ ಇರುವುದು ವೈರ್ ಕಾಯಲು.

ಊಟಕ್ಕೆ ನಿಲ್ಲಿಸಿ ಬಂದರೆ ಕಾರು ಸ್ಟಾರ್ಟೇ ಆಗಲಿಲ್ಲ!

10ನೇ ಪಿನ್ನಿಗೆ ಯಾವಾಗಲೂ ಇರುವ ಕರೆಂಟ್ ಕೊಟ್ಟಿದ್ದಾರೆ, ಅಥವಾ ರಿಲೇ ಅಂಟಿಕೊಂಡಿದೆ. ಫ್ರಿಜ್ 12 ಆಂಪಿಯರ್ ಎಳೆಯುತ್ತಲೇ ಇದ್ದರೆ 60 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದಲ್ಲಿ 5 ಗಂಟೆಗೆ ಖಾಲಿ, ಸ್ಟಾರ್ಟ್ ಮಾಡುವ ಶಕ್ತಿ ಹೋಗುವುದು ಅದಕ್ಕಿಂತ ಎಷ್ಟೋ ಮೊದಲು. ಕೀ ತೆಗೆದ ಮೇಲೆ 10 ಮತ್ತು 11ರ ನಡುವೆ ಮೀಟರ್ ಇಡಿ. ಕೆಲವು ಕಾರುಗಳು ಸ್ವಲ್ಪ ಹೊತ್ತು ತಡೆದು ಕಡಿತ ಮಾಡುತ್ತವೆ, ಅದು ಪರವಾಗಿಲ್ಲ. ಬಾಗಿಲು ಲಾಕ್ ಮಾಡಿ ಅರ್ಧ ಗಂಟೆ ಆದ ಮೇಲೂ 12 ವೋಲ್ಟ್ ತೋರಿಸಿದರೆ ವೈರಿಂಗ್ ಮಾಡಿದವರ ಹತ್ತಿರ ಕಾರನ್ನು ವಾಪಸ್ ತೆಗೆದುಕೊಂಡು ಹೋಗಿ.

ಕ್ಯಾರವಾನಿನ ಎಲ್‌ಇಡಿ ಲೈಟ್ ಸುಮ್ನೆ ಮಿನುಗುತ್ತೆ. ಇಲ್ಲದ ಬಲ್ಬ್ ಹೋಗಿದೆ ಅಂತಲೂ ಕಾರು ಹೇಳುತ್ತೆ.

ಬಲ್ಬ್ ಇದೆಯಾ ಅಂತ ನೋಡಲು ಕಾರು ಆಗಾಗ ಕ್ಷಣಮಾತ್ರ ಕರೆಂಟ್ ಬಿಡುತ್ತದೆ. ಹಳೆಯ ಬಲ್ಬಿನ ತಂತಿ ಅಷ್ಟರಲ್ಲಿ ಬಿಸಿಯಾಗುವುದಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು, ಮಿಂಚುತ್ತದೆ. ಇನ್ನು ಎಲ್‌ಇಡಿ ಎಳೆಯುವ ಕರೆಂಟ್ ಬಹಳ ಕಡಿಮೆ, ಅದಕ್ಕೇ ಬಲ್ಬೇ ಇಲ್ಲ ಅಂತ ಕಾರು ದೂರುತ್ತದೆ. ಎಲ್‌ಇಡಿಗೆ ಹೊಂದುವ ಕಿಟ್ ಹಾಕಿಸುವುದು ಸರಿದಾರಿ. ಕರೆಂಟ್ ಜಾಸ್ತಿ ಎಳೆಯಲಿ ಅಂತ ರೆಸಿಸ್ಟರ್ ಸೇರಿಸುವುದು ಅಡ್ಡದಾರಿ, ಅದು ಸುಡುವಷ್ಟು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಹತ್ತಿರ ಇಡಬೇಡಿ.

ಕೆಲಸ ಸರಿಯಾಗಿದೆ ಅಂತ ನಾನೇ ನೋಡಬಹುದಾ?

ನೋಡಲೇಬೇಕು. ಸಣ್ಣ ಲೈಟುಗಳ 13 ಪಿನ್ ಟೆಸ್ಟರ್ ಚುಚ್ಚಿ ಎಲ್ಲ ಹಸಿರು ಬಂತು ಅಂತ ಖುಷಿಪಡುವವರು ಜಾಸ್ತಿ. ವೈರಿನ ಒಂದೇ ಒಂದು ಎಳೆ ಅಂಟಿಕೊಂಡಿದ್ದರೂ ಆ ಟೆಸ್ಟರ್ ಉರಿಯುತ್ತದೆ, ಮೀಟರ್ ಕೂಡ 12.6 ತೋರಿಸುತ್ತದೆ. ಭಾರ ಹಾಕದೆ, ಅಂದರೆ ಕರೆಂಟ್ ಎಳೆಯುವ ಏನನ್ನೂ ಜೋಡಿಸದೆ ಅಳೆದರೆ ಏನೂ ಗೊತ್ತಾಗುವುದಿಲ್ಲ.

10 ಮತ್ತು 11ರ ನಡುವೆ 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳನ್ನು ಅಕ್ಕಪಕ್ಕ ಜೋಡಿಸಿ. ಸುಮಾರು 9 ಆಂಪಿಯರ್ ಆಯಿತು. ಬಲ್ಬ್ ಬೇಗ ಬಿಸಿಯಾಗುತ್ತದೆ, ಕೈ ಜೋಪಾನ. ಎಂಜಿನ್ ಓಡುತ್ತಿರಲಿ. ಕಾರಿನ ಬ್ಯಾಟರಿಯಲ್ಲಿ ವೋಲ್ಟೇಜ್ ನೋಡಿ, ಕೂಡಲೇ ಸಾಕೆಟ್ಟಿನಲ್ಲಿ ನೋಡಿ. ವ್ಯತ್ಯಾಸ ಅರ್ಧ ವೋಲ್ಟಿನ ಆಸುಪಾಸು ಇದ್ದರೆ ಒಳ್ಳೆಯ ಕೆಲಸ. 1 ವೋಲ್ಟ್ ದಾಟಿದರೆ ಎಲ್ಲೋ ವೈರ್ ಸಣ್ಣ ಇದೆ, ಇಲ್ಲಾ ಜೋಡಣೆ ಸಡಿಲ. ಇದನ್ನೇ 9 ಮತ್ತು 13ಕ್ಕೂ ಮಾಡಿ. ಐದು ನಿಮಿಷ ಬಿಟ್ಟು ಸಾಕೆಟ್ ಹಿಂಭಾಗ, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಾದ ಜಾಗದಲ್ಲೇ ತೊಂದರೆ.

7ರಿಂದ 13ಕ್ಕೆ ಅಡಾಪ್ಟರ್ ಸಾಕಾ?

ಕ್ಯಾರವಾನ್ ಹಳೆಯದು, ಕಾರಿನ ಸಾಕೆಟ್ 13 ಪಿನ್ ಅಂದರೆ ಅಡಾಪ್ಟರ್ ಚೆನ್ನಾಗಿಯೇ ನಡೆಯುತ್ತದೆ. ಕಾರಿಗೆ ಬರೀ 12ಎನ್ ಇದ್ದು ಕ್ಯಾರವಾನ್ 13 ಪಿನ್ ಆದರೆ ಲೈಟ್ ಮಾತ್ರ ಬರುತ್ತದೆ, ಅಡಾಪ್ಟರ್ ಇಲ್ಲದ ಕರೆಂಟನ್ನು ಹುಟ್ಟಿಸಲಾರದು. ಕೆಲಸ ಮುಗಿದ ಮೇಲೆ ಅದನ್ನು ಸಾಕೆಟ್ಟಿನಲ್ಲೇ ಬಿಡಬೇಡಿ. ಮುಚ್ಚಳ ತೆರೆದೇ ಇದ್ದು ನೀರು ಕುಡಿಯುತ್ತದೆ, ಕೆಲವು ಕಾರುಗಳು ಗಾಡಿ ಹಿಂದೆಯೇ ಇದೆ ಅಂದುಕೊಂಡಿರುತ್ತವೆ.

ಎಲೆಕ್ಟ್ರಿಕ್ ಕಾರಿಗೂ ಇದೇನಾ?

ಸಾಕೆಟ್ ಅದೇ, 12 ವೋಲ್ಟೂ ಅದೇ. ಆಲ್ಟರ್ನೇಟರ್ ಬದಲು ದೊಡ್ಡ ಬ್ಯಾಟರಿಯಿಂದ ಒಂದು ಕನ್ವರ್ಟರ್ 12 ವೋಲ್ಟ್ ಕೊಡುತ್ತದೆ. 9, 10ನೇ ಪಿನ್‌ಗಳಿಗೆ ಎಷ್ಟು ಆಂಪಿಯರ್ ಬಿಡುತ್ತಾರೆ ಅನ್ನುವುದು ಮಾಡೆಲ್ ಮೇಲೆ ಇರುತ್ತದೆ, ಕಾರಿನ ಕೈಪಿಡಿ ನೋಡಿ. ಸ್ವಂತವಾಗಿ ವೈರ್ ಎಳೆಯಲು ಹೋಗಬೇಡಿ.

ಮೆಕ್ಯಾನಿಕ್ ಹತ್ತಿರ ಏನೇನು ಕೇಳಲಿ?

ಕಿಟ್ ಈ ಮಾಡೆಲ್‌ಗೆಂದೇ ಮಾಡಿದ್ದಾ. 9, 10, 11, 13ಕ್ಕೂ ವೈರ್ ಬರುತ್ತದಾ, ಇಲ್ಲಾ ಲೈಟಿನ 8 ಪಿನ್ನಿಗೆ ಮಾತ್ರವಾ. ಎಷ್ಟೋ ಕಿಟ್‌ಗಳಲ್ಲಿ 9 ಮತ್ತು 10ರ ಭಾಗ ಬೇರೆ ಪೊಟ್ಟಣ, ಬೇರೆ ದುಡ್ಡು. ಬ್ಯಾಟರಿಯಿಂದ ಬರುವ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇದೆಯಾ. ಡಿಕ್ಕಿಯ ತಗಡಿನ ತೂತಿನಲ್ಲಿ ವೈರ್ ಹೊರಬರುವ ಕಡೆ ರಬ್ಬರ್ ಬಳೆ ಹಾಕಿದ್ದಾರಾ, ಸೈಲೆನ್ಸರ್‌ನಿಂದ ದೂರ ಇದೆಯಾ. ಕೋಡಿಂಗ್ ವಿಷಯ ಆಗಲೇ ಹೇಳಿದೆ. ಇದಕ್ಕೆಲ್ಲ ಬೇಸರ ಮಾಡಿಕೊಳ್ಳದೆ ಉತ್ತರ ಕೊಡುವವರಿಗೆ ಕಾರು ಬಿಡಿ.

ಸಾಕೆಟ್ಟಿಗೆ ಗ್ರೀಸ್ ಹಚ್ಚಬಹುದಾ?

ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಆಮೇಲೆ ಎಲೆಕ್ಟ್ರಿಕಲ್ ಕೆಲಸಕ್ಕೆಂದೇ ಬರುವ ಗ್ರೀಸನ್ನು ತೆಳುವಾಗಿ ಸವರಿ. ಚಕ್ರದ ಗ್ರೀಸ್ ಬೇಡ, ಮಣ್ಣು ಮೆತ್ತಿಕೊಳ್ಳುತ್ತದೆ. ಹಸಿರು ಪುಡಿ ಪಿನ್ನಿನ ಬುಡದಲ್ಲಿ, ವೈರ್ ಒಳಗೆ ಸೇರುವ ಕಡೆ ಕಂಡರೆ ಉಜ್ಜಿ ಪ್ರಯೋಜನವಿಲ್ಲ, ಸಾಕೆಟ್ ಬದಲಿಸಿ, ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸದಾಗಿ ಜೋಡಿಸಿ.

ಕೇಬಲ್ ಎಷ್ಟು ಸಡಿಲ ಇರಬೇಕು?

ಕಾರು ಪೂರ್ತಿ ತಿರುಗಿದಾಗ ಎಳೆಯಬಾರದು, ನೇರ ಇದ್ದಾಗ ನೆಲಕ್ಕೆ ತಾಗಬಾರದು. ಖಾಲಿ ಜಾಗದಲ್ಲಿ ನಿಧಾನವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಜಾಸ್ತಿ ಉದ್ದ ಇದ್ದರೆ ಒಂದು ಸುತ್ತು ಹಾಕಿ ಸಾಕು, ಹತ್ತು ಸುತ್ತು ತಿರುಚಿದರೆ ಒಳಗಿನ ಎಳೆಗಳು ತುಂಡಾಗುತ್ತವೆ. ಬಿಚ್ಚಿದ ಮೇಲೆ ಪ್ಲಗ್ಗನ್ನು ಮೂತಿ ಕೆಳಗೆ ಮಾಡಿ ಅದರ ಹಿಡಿಕೆಯಲ್ಲಿ ಸಿಕ್ಕಿಸಿ, ನೆಲದ ಮೇಲೆ ಬಿಡಬೇಡಿ.